ಬಸಂತರಾಯ ವಿದ್ಯುತ್ ಕೇಂದ್ರ, ಬನ್ನಿಕಟ್ಟಿ

ಬನ್ನಿಕಟ್ಟಿಯ ಟಪಾಲ ಮಾಸ್ತರ ಬಸಂತರಾಯನಿಗೆ ಒಂದು ಚಟವಿತ್ತು. ಊರಿಗೆ ಬಂದ ಪತ್ರಿಕೆಯನ್ನು ಹೆಸರಿನವರಿಗೆ ಮುಟ್ಟಿಸುವ ಮೊದಲು ತಾನು ಓದಿಬಿಡುತ್ತಿದ್ದ. ಇದನ್ನು ಕಳ್ಳತನವೆಂದು ಯಾರೂ ಎಣಿಸಿರಲಿಲ್ಲ. ಊರಿಗೆ ಬರುತ್ತಿದ್ದುದೇ ಒಂದು ಪತ್ರಿಕೆ, ಅದೂ ಶಾಲೆಯ ಹೆಡ್‌ಮಾಸ್ತರರ ಹೆಸರಿಗೆ, ತಿಂಗಳಿಗೊಮ್ಮೆ. ಬಸಂತರಾಯ ಅದನ್ನು ಮೂರು ದಿನ ಇಟ್ಟುಕೊಂಡು ಮಡಿಕೆ ಕೆಡದಂತೆ ಓದಿ, ನಾಲ್ಕನೆಯ ದಿನ ಕೊಟ್ಟುಬರುವಾಗ ಒಳಗೆ ಏನೇನಿದೆ ಎಂಬುದನ್ನೂ ಬಾಯಿಂದಲೇ ಹೇಳಿಬಿಡುತ್ತಿದ್ದ. ಹೆಡ್‌ಮಾಸ್ತರರಿಗೆ ಓದುವ ಶ್ರಮ ಉಳಿಯುತ್ತಿತ್ತು.

೧೯೭೪ರ ಯುಗಾದಿಯ ಹೊತ್ತಿಗೆ ಬಂದ ಸಂಚಿಕೆಯಲ್ಲಿ ‘ಗಾಳಿಯಿಂದ ಮನೆಗೆ ಬೆಳಕು: ನೀವೇ ಮಾಡಿಕೊಳ್ಳಿ’ ಎಂಬ ಲೇಖನವಿತ್ತು, ಚಿತ್ರಗಳ ಸಮೇತ. ಮಾಳಿಗೆಯ ಮೇಲೊಂದು ಕಂಬ, ಕಂಬಕ್ಕೆ ಮರದ ರೆಕ್ಕೆಯ ಫ್ಯಾನು, ಫ್ಯಾನಿನಿಂದ ಒಂದು ಬೆಲ್ಟು, ಬೆಲ್ಟಿಗೆ ಹಳೆಯ ಲಾರಿಯ ಡೈನಮೋ, ಅಲ್ಲಿಂದ ಬಲ್ಬಿಗೆ ತಂತಿ. ಕೊನೆಯ ಸಾಲಿನಲ್ಲಿ ಮಾತ್ರ ಹೀಗಿತ್ತು: ಕರೆಂಟನ್ನು ಬ್ಯಾಟರಿಯಲ್ಲಿ ಕೂಡಿಡುವ ಬಗೆ, ಫ್ಯಾನನ್ನು ನಿಲ್ಲಿಸುವ ಬ್ರೇಕಿನ ಬಗೆ ಮುಂದಿನ ಸಂಚಿಕೆಯಲ್ಲಿ. ಆ ಮುಂದಿನ ಸಂಚಿಕೆ ಬರುವುದರೊಳಗೆ ಹೆಡ್‌ಮಾಸ್ತರರಿಗೆ ಮುದ್ದೇಬಿಹಾಳದ ಕಡೆಗೆ ವರ್ಗವಾಯಿತು, ಪತ್ರಿಕೆ ಅವರ ಬೆನ್ನು ಹತ್ತಿ ಹೋಯಿತು. ಹೀಗಾಗಿ ಬಸಂತರಾಯನಿಗೆ ಸಿಕ್ಕಿದ್ದು ಅರ್ಧ ವಿದ್ಯೆ. ದೀಪ ಹತ್ತಿಸುವುದು ಬನ್ನಿಕಟ್ಟಿಗೆ ಬಂತು, ನಿಲ್ಲಿಸುವುದು ಮುದ್ದೇಬಿಹಾಳದಲ್ಲಿ ಉಳಿಯಿತು.

ಬುದ್ಧಿ ಇದ್ದವರು ಅಷ್ಟಕ್ಕೇ ಸುಮ್ಮನಾಗುತ್ತಿದ್ದರು. ಆದರೆ ಬಸಂತರಾಯನಿಗೆ ಸಿಂದಗಿಯಲ್ಲೊಬ್ಬ ಷಡ್ಡಕನಿದ್ದ. ಆ ಷಡ್ಡಕನ ಮನೆಗೆ ಕರೆಂಟು ಬಂದು ಎರಡು ವರ್ಷವಾಗಿತ್ತು. ಒಂದು ಮದುವೆಯ ಪಂಗತಿಯಲ್ಲಿ, ಎಲೆಯ ಮುಂದೆ ಕೂತ ನೂರು ಮಂದಿಗೆ ಕೇಳುವಂತೆ, ಅವನು ಇವನನ್ನು ನಿಮ್ಮೂರಾಗ ಇನ್ನೂ ಚಿಮಣೀನ ಏನು ಎಂದು ಕೇಳಿದ್ದ. ಆ ದಿನ ಬಸಂತರಾಯನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಬನ್ನಿಕಟ್ಟಿಯ ಹೆಸರು ಆ ವರ್ಷದ ಕರೆಂಟಿನ ಪಟ್ಟಿಯಲ್ಲಿತ್ತು, ಓಣಿಗಳನ್ನು ಅಳೆದುಕೊಂಡೂ ಹೋಗಿದ್ದರು, ದೀಪಾವಳಿಯೊಳಗೆ ಕಂಬ ಬರುವುದಿತ್ತು. ಬಸಂತರಾಯನಿಗೆ ಬೇಕಾಗಿದ್ದುದು ನಾಲ್ಕು ತಿಂಗಳು ಮುಂಚಿನ ಬೆಳಕು. ಆ ನಾಲ್ಕು ತಿಂಗಳ ಬಡಿವಾರಕ್ಕಾಗಿ ನಡೆದದ್ದು ಇದೆಲ್ಲ.

ಕರೆಂಟಿಗಾಗಿ ನಿಜವಾಗಿ ಕಾದವನು ಪಕ್ಕದ ಮನೆಯ ಗೈಬುಸಾಬ. ಪಟ್ಟಿಯಲ್ಲಿ ಊರಿನ ಹೆಸರು ಬಂತೆಂದು ಕೇಳಿದ್ದೇ ತಡ, ಅವನು ತನ್ನ ಜೋಡೆತ್ತು ಮಾರಿ ಸೊಲ್ಲಾಪುರದಿಂದ ಹಿಟ್ಟಿನ ಗಿರಣಿ ತಂದು ಪಡಸಾಲೆಯಲ್ಲಿ ಕೂಡಿಸಿದ್ದ. ಅದರ ಮೇಲೊಂದು ಗೋಣಿತಟ್ಟು ಹೊದಿಸಿದ್ದ. ಅವನ ಹೆಂಡತಿ ಸುಲ್ತಾನಬಿ ಶುಕ್ರವಾರಕ್ಕೊಮ್ಮೆ ಅದರ ಮುಂದೆ ಲೋಬಾನ ಹಾಕುತ್ತಿದ್ದಳು. ಊರಿನ ಹೆಂಗಸರು ನೀರಿಗೆ ಹೋಗುತ್ತ ಬರುತ್ತ ಒಳಗೆ ಹಣಿಕಿಕ್ಕಿ, ತಟ್ಟು ಎತ್ತಿ, ಕಬ್ಬಿಣವನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. ದಿನಾ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಅವರ ರಟ್ಟೆ ಬಿದ್ದುಹೋಗಿತ್ತು. ಇಲ್ಲವೆಂದರೆ ಜೋಳ ಹೊತ್ತು ಸಾಲೋಟಗಿಯ ಗಿರಣಿಗೆ ನಡೆಯಬೇಕು, ಹೋಗಲು ಒಂದು ತಾಸು, ಬರಲು ಒಂದು ತಾಸು.

ಬಸಂತರಾಯ ತಾಲೂಕಿನ ಊರಾದ ಇಂಡಿಯಲ್ಲಿ ಗುಜರಿಯವನ ಹತ್ತಿರ ಡೈನಮೋ ತಂದ. ರೆಕ್ಕೆ ಕೆತ್ತುವ ಕೆಲಸವನ್ನು ಬಡಿಗೇರ ಪರಪ್ಪನಿಗೆ ಒಪ್ಪಿಸಿದ. ಪರಪ್ಪ ಹುಟ್ಟಿದಂದಿನಿಂದ ಮಾಡಿದ್ದು ಕೂರಿಗೆ, ಕುಂಟೆ, ಬಾಗಿಲು. ರೆಕ್ಕೆ ಹಗುರವಾಗಿರಬೇಕಂತೆ ಎಂದು ಬಸಂತರಾಯ ಚಿತ್ರ ತೋರಿಸಿದರೆ ಅವನಿಗೆ ಅವಮಾನವಾಯಿತು.

“ಹಗುರಾದದ್ದನ್ನ ಪರಪ್ಪ ಮಾಡಿದ್ದು ಅಂತ ಯಾರು ಅಂತಾರ್ರೀ?” ಎಂದು ಕೇಳಿ, ಹಳೆಯ ಬೇವಿನ ತೊಲೆಯಿಂದ ಮೂರು ರೆಕ್ಕೆ ಕೆತ್ತಿಕೊಟ್ಟ. ಅವನ್ನು ಮಾಳಿಗೆ ಹತ್ತಿಸಲು ಆರು ಜನ ಬೇಕಾಯಿತು. ವೈಶಾಖದ ಗಾಳಿಗೆ ಅವು ಮಿಸುಕಲಿಲ್ಲ. ಕಾಗೆಗಳು ಬಂದು ಕೂತು, ಜಾಗ ಗಟ್ಟಿಯಿದೆ ಎಂದು ಖಾತ್ರಿಮಾಡಿಕೊಂಡು ಹೋದವು.

ಜ್ಯೇಷ್ಠದ ನಡುವಿನಲ್ಲಿ ಗಾಳಿ ಎದ್ದಿತು. ಒಂದು ಸಂಜೆ ಮಾಳಿಗೆಯ ಮೇಲೆ ಏನೋ ನರಳಿದಂತಾಯಿತು. ಜಂತಿ ಅದುರಿ, ಬಸಂತರಾಯನ ಹೆಂಡತಿ ಲಕ್ಕವ್ವ ನಾದುತ್ತಿದ್ದ ಹಿಟ್ಟಿನಲ್ಲಿ ಒಂದು ಬೊಗಸೆ ಮಣ್ಣು ಬಿತ್ತು. ನಡುಮನೆಯಲ್ಲಿ ತೂಗಿದ್ದ ಬಲ್ಬು ಮೊದಲು ಕೆಂಪಗಾಗಿ, ಆಮೇಲೆ ಹಳದಿಯಾಗಿ, ಕಡೆಗೆ ಬೆಳ್ಳಗೆ ಹತ್ತಿತು. ಬಸಂತರಾಯ ಹೊರಗೆ ಓಡಿ ಊರನ್ನೇ ಕರೆದ.

ಒಳಗೆ ಅವನ ತಾಯಿ ಶಂಕ್ರೆವ್ವ ಬಲ್ಬಿನ ಮುಂದೆ ಕೈ ಮುಗಿದು ನಿಂತಿದ್ದಳು. ದೀಪ ಹತ್ತಿದಾಗ ಕೈ ಮುಗಿಯುವುದು ಆ ಕಡೆಯ ಮನೆಗಳಲ್ಲಿ ಎಲ್ಲರೂ ಮಾಡುವುದೇ. ತೊಂದರೆ ಏನೆಂದರೆ, ಬ್ಯಾಟರಿಯ ವಿದ್ಯೆ ಮುದ್ದೇಬಿಹಾಳದಲ್ಲಿದ್ದುದರಿಂದ, ಗಾಳಿ ಬಿದ್ದರೆ ಬಲ್ಬು ಹೋಗುತ್ತಿತ್ತು, ಗಾಳಿ ಎದ್ದರೆ ಹತ್ತುತ್ತಿತ್ತು. ಹತ್ತಿದಾಗಲೆಲ್ಲ ಮುದುಕಿ ಕೈ ಮುಗಿದಳು. ಆ ಮೊದಲ ಸಂಜೆ ಲಕ್ಕವ್ವ ಎಣಿಸಿದ್ದು ನಲವತ್ತೊಂದು ಸಲ. ಪ್ರತಿ ಸಲವೂ ಮುಗಿಯಬೇಕಾಗಿಲ್ಲ ಎಂದು ಮಗ ಹೇಳಿ ನೋಡಿದ.

“ದೀಪ ಹತ್ತಿದ ಮ್ಯಾಲ ಕೈ ಮುಗೀಬೇಕೊ. ಎಷ್ಟ ಸಲ ಹತ್ತಸ್ತಿ ಅನ್ನೂದು ನಿನಗ ಬಿಟ್ಟದ್ದು,” ಎಂದಳು ಶಂಕ್ರೆವ್ವ.

ದೀಪದ ವಿಷಯದಲ್ಲಿ ಇನ್ನೊಂದು ಕಟ್ಟಳೆಯುಂಟು. ದೀಪ ಆರಿತು ಎಂದು ಮನೆಯ ಹೆಂಗಸರು ಬಾಯಿ ಬಿಟ್ಟು ಹೇಳುವುದಿಲ್ಲ. ದೀಪ ಶಾಂತವಾಯಿತು ಎನ್ನುತ್ತಾರೆ, ದೊಡ್ಡದಾಯಿತು ಎನ್ನುತ್ತಾರೆ. ಉಳಿದ ಮನೆಗಳಲ್ಲಿ ಇದು ಬರೀ ರೂಢಿ. ಶಂಕ್ರೆವ್ವನಿಗೆ ಮಾತ್ರ ಅದು ಪ್ರಾಣದ ಮಾತಾಗಿತ್ತು. ಅವಳು ನಾಲ್ಕು ಮಕ್ಕಳನ್ನು ಹೆತ್ತವಳು. ಕಾಲರಾ ಬಂದ ವರ್ಷ ಒಂದು ಸಂಜೆ ಮಾಡದಲ್ಲಿನ ಹಣತೆ ಗಾಳಿಗೆ ಹೋಗಿತ್ತು. ಹಿಟ್ಟಿನ ಕೈಯಲ್ಲಿದ್ದ ಅವಳು ಯೋಚಿಸದೆ, ದೀಪ ಆರಿತು ನೋಡ್ರೆ, ಯಾರರ ಹಚ್ಚರಿ ಎಂದುಬಿಟ್ಟಿದ್ದಳು. ಮರುದಿನದಿಂದ ಒಂಬತ್ತು ದಿನಗಳಲ್ಲಿ ಎರಡು ಗಂಡು ಒಂದು ಹೆಣ್ಣು ಹೋದವು. ಎದೆಹಾಲು ಕುಡಿಯುತ್ತಿದ್ದ ಬಸಂತರಾಯನೊಬ್ಬ ಉಳಿದ. ಅಂದಿನಿಂದ ಮೂವತ್ತೆಂಟು ವರ್ಷ ಆ ಮಾತು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಬಸಂತರಾಯನಿಗೂ ಮಕ್ಕಳಿಲ್ಲವಾದ್ದರಿಂದ ಆ ಮನೆಗೆ ಅವನೊಬ್ಬನೇ ದೀಪ.

ಬಸಂತರಾಯನಿಗೆ ಇಷ್ಟೆಲ್ಲ ಯೋಚಿಸುವ ಪುರುಸೊತ್ತಿರಲಿಲ್ಲ. ಟಪಾಲ ಪೆಟ್ಟಿಗೆಗೆ ಬಳಿದು ಉಳಿದ ಕೆಂಪು ಬಣ್ಣವಿತ್ತು. ಅದನ್ನು ತೆಗೆದು ಮನೆಯ ಮುಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಬಸಂತರಾಯ ವಿದ್ಯುತ್ ಕೇಂದ್ರ, ಬನ್ನಿಕಟ್ಟಿ’ ಎಂದು ಬರೆದ. ಕೆಳಗೆ ಸಣ್ಣದಾಗಿ ‘ಸ್ಥಾಪನೆ ೧೯೭೪’. ಸಿಂದಗಿಯ ಷಡ್ಡಕ ಬಂದು ನೋಡಲಿ ಎಂಬುದಷ್ಟೇ ಅವನ ಆಸೆ. ಷಡ್ಡಕ ಬರಲೇ ಇಲ್ಲ, ಅವನ ಬದಲು ಬೇರೆಯವರು ಬಂದರು.

ಕರೆಂಟಿನ ಆಫೀಸಿನ ಶ್ರೀಶೈಲಪ್ಪ ಸಾಹೇಬರು ಕೆಟ್ಟ ಮನುಷ್ಯರಲ್ಲ. ಅವರ ಕೈಯಲ್ಲಿ ಏಳು ಊರಿನ ಪಟ್ಟಿಯಿತ್ತು, ಕಂಬಗಳು ಮಾತ್ರ ಆರು ಊರಿಗೆ ಆಗುವಷ್ಟಿದ್ದವು. ಒಂದು ಊರನ್ನು ಬಿಡಬೇಕು, ಬಿಡಲು ಕಾರಣ ಬೇಕು. ಏಳೂ ಊರಿನ ಮುಖಂಡರು ದೊಡ್ಡವರಿಂದ ಚೀಟಿ ತಂದಿದ್ದರಿಂದ ಯಾವ ಊರಲ್ಲೂ ಕಾರಣ ಸಿಗದೆ, ಸಾಹೇಬರು ಆಷಾಢದ ಧೂಳಿನಲ್ಲಿ ಜೀಪು ತಿರುಗಿಸಿಕೊಂಡು ಬರುತ್ತಿದ್ದರು. ಮಟಮಟ ಮಧ್ಯಾಹ್ನ ಬನ್ನಿಕಟ್ಟಿಗೆ ಬಂದವರಿಗೆ ಆ ಗೋಡೆ ಕಂಡಿತು. ಮಾಳಿಗೆಯ ಮೇಲೆ ಊರೇ ಹಾರಿಹೋಗುವಂತೆ ಫ್ಯಾನು ತಿರುಗುತ್ತಿತ್ತು. ಒಳಗೆ ಹಾಡಹಗಲೇ ಬಲ್ಬು ಉರಿಯುತ್ತಿತ್ತು.

ಬಸಂತರಾಯ ಟಪಾಲಿನ ಚೀಲ ಹೊತ್ತು ಲಚ್ಯಾಣದ ಸ್ಟೇಷನ್ನಿಗೆ ಹೋಗಿದ್ದ. ಶಂಕ್ರೆವ್ವ ಸಾಹೇಬರಿಗೆ ಕಂಬಳಿ ಹಾಸಿ ಚಹಾ ಮಾಡಿಸಿದಳು. ಅವರು ಬಲ್ಬು ನೋಡಿದರು, ತಂತಿ ನೋಡಿದರು, ಕಾಗದ ತೆಗೆದರು.

“ಆಯಿ, ಈ ದೀಪ ಯಾವಾಗರೆ ಆರತೈತೇನು?”

ಶಂಕ್ರೆವ್ವನ ಮುಖ ಕೆಂಪಾಯಿತು. ಮನೆಗೆ ಬಂದು ಚಹಾ ಕುಡಿದವರು ಕೇಳುವ ಮಾತಲ್ಲ ಅದು. ಆದರೂ ಅತಿಥಿಯೆಂದು ತಡೆದುಕೊಂಡಳು.

“ಎಂಥಾ ಮಾತು ಕೇಳ್ತೀರಿ ಸಾಹೇಬ್ರ. ನಮ್ಮನಿ ದೀಪ ಆರಂಗಿಲ್ರಿ. ನಾ ಇರೂ ತನಕಾ ಆರಂಗಿಲ್ಲ.”

“ಒಂದ ದಿನಾನೂ?”

“ಒಂದ ಗಳಿಗೀನೂ ಇಲ್ರಿ. ಬೇಕಾದ್ರ ಬರಕೋರಿ.”

ಸಾಹೇಬರು ಬರೆದುಕೊಂಡರು. ಹೊರಗೆ ನಿಂತಿದ್ದ ಪರಪ್ಪನನ್ನು ಸಾಕ್ಷಿಗೆ ಕರೆದರು. ತನ್ನ ರೆಕ್ಕೆಗಳನ್ನು ಸರ್ಕಾರವೇ ವಿಚಾರಿಸಲು ಬಂದಿದೆ ಎಂದು ಉಬ್ಬಿದ ಪರಪ್ಪ, ಇದು ನಿಲ್ಲುವ ಮಾತೇ ಇಲ್ಲ, ನಿಲ್ಲಿಸಬೇಕೆಂದರೂ ನಿಲ್ಲಿಸುವ ವಿದ್ಯೆ ಈ ಊರಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಕಂಡದ್ದನ್ನು ಕಂಡಂತೆ ಹೇಳಿದ. ಮುದುಕಿ ಹೆಬ್ಬೆಟ್ಟು ಒತ್ತಿದಳು, ಪರಪ್ಪ ಸಹಿ ಮಾಡಿದ. ಸಾಹೇಬರು ಬಹಳ ದಿನಗಳ ಮೇಲೆ ಹಗುರವಾಗಿ ಜೀಪು ಹತ್ತಿದರು.

ಬಸಂತರಾಯ ಬಂದಾಗ ತಾಯಿ, ಯಾರೋ ಸಾಹೇಬರು ಬಂದು ನಮ್ಮನಿ ದೀಪದ ಬಗ್ಗೆ ಕೇಳಿ ಬರೆದುಕೊಂಡು ಹೋದರು, ಮಾತು ಒರಟು, ಮನುಷ್ಯ ಛಲೋ ಎಂದಳು. ಬಸಂತರಾಯ ಅದಕ್ಕೆ ತನ್ನದೇ ಅರ್ಥ ಮಾಡಿಕೊಂಡ. ಸರ್ಕಾರ ಬರೆದುಕೊಂಡು ಹೋಗಿದೆ ಎಂದಮೇಲೆ ಬಹುಮಾನವಲ್ಲದೆ ಮತ್ತೇನು? ಫೋಟೋ ತೆಗೆಯಲು ಬರಬಹುದು, ಬಸವನ ಬಾಗೇವಾಡಿಯಲ್ಲೋ ಎಲ್ಲೋ ಸಭೆ ಕರೆದು ಶಾಲು ಹೊದಿಸಬಹುದು. ಇದನ್ನೆಲ್ಲ ಅವನು ಬರಬಹುದು ಎಂದು ಶುರುಮಾಡಿ, ವಾರದೊಳಗೆ ಬರುತ್ತದೆ ಎಂದು, ಹದಿನೈದು ದಿನಕ್ಕೆ ಬಂದೇಬಿಟ್ಟಿದೆ ಎಂಬಂತೆ ಊರಲ್ಲಿ ಹೇಳಿಕೊಂಡು ತಿರುಗಿದ. ದಿನಾ ಚೀಲ ಬಿಚ್ಚಿದ ಕೂಡಲೇ ಮೊದಲು ಹುಡುಕುತ್ತಿದ್ದುದು ಉದ್ದನೆಯ ಸರ್ಕಾರಿ ಲಕೋಟೆಯನ್ನೇ.

ಲಕೋಟೆ ಭಾದ್ರಪದದಲ್ಲಿ ಬಂತು. ಅಷ್ಟರಲ್ಲಿ ಗಾಳಿ ಬಿದ್ದುಹೋಗಿ, ಫ್ಯಾನು ನಿಂತು, ಬಲ್ಬು ತಣ್ಣಗಾಗಿ, ಮನೆಯಲ್ಲಿ ಮತ್ತೆ ಚಿಮಣಿ ಹತ್ತುತ್ತಿತ್ತು. ಲಕೋಟೆ ಪಂಚಾಯಿತಿ ಚೇರ್ಮನ್ ಗುರುಲಿಂಗಪ್ಪನವರ ಹೆಸರಿಗಿತ್ತು. ಬಸಂತರಾಯ ಜೀವನದಲ್ಲಿ ಮೊದಲ ಸಲ ಬೇರೆಯವರ ಕಾಗದವನ್ನು ತೆರೆಯದೆ ಹಾಗೇ ಒಯ್ದ. ಬಹುಮಾನದ ಕಾಗದವನ್ನು ಹತ್ತು ಜನರ ಮುಂದೆ ಒಡೆದರೇ ಚೆಂದ ಎಂದು ಅವನ ಲೆಕ್ಕ. ಬೂಂದಿ ತರಿಸಿದ. ಗುಡಿಯ ಕಟ್ಟೆಗೆ ಊರು ನೆರೆಯಿತು. ಗುರುಲಿಂಗಪ್ಪನವರಿಗೆ ಕನ್ನಡಕ ಸಿಗಲಿಲ್ಲವಾದ್ದರಿಂದ ಓದುವ ಭಾರವೂ ಬಸಂತರಾಯನ ಮೇಲೆಯೇ ಬಿತ್ತು. ಅವನು ಅದನ್ನು ಬೇಡವೆನ್ನಲಿಲ್ಲ.

“‘ಸದರಿ ಗ್ರಾಮದಲ್ಲಿ ಶ್ರೀ ಬಸಂತರಾಯ ಇವರು ಸ್ವಂತ ವಿದ್ಯುತ್ ಕೇಂದ್ರವನ್ನು ಸ್ಥಾಪಿಸಿದ್ದು,’” ಎಂದು ಓದಿ ನಿಲ್ಲಿಸಿ, ಎಲ್ಲರ ಮುಖ ನೋಡಿದ. ಕೆಲವರು ತಲೆದೂಗಿದರು. “‘ಇದನ್ನು ಖುದ್ದು ಪರಿಶೀಲಿಸಲಾಗಿದ್ದು, ದೀಪವು ಎಂದೂ ಆರುವುದಿಲ್ಲವೆಂದು ಮನೆಯ ಹಿರಿಯರಾದ ಶ್ರೀಮತಿ ಶಂಕ್ರೆವ್ವ ಇವರು ಹೆಬ್ಬೆಟ್ಟೊತ್ತಿ ಹೇಳಿಕೆ ಕೊಟ್ಟಿರುವುದರಿಂದ...’”

ಇಲ್ಲಿ ದನಿ ಸ್ವಲ್ಪ ಇಳಿಯಿತು. ಕಣ್ಣು ಮುಂದಿನ ಸಾಲಿಗೆ ಹೋಗಿತ್ತು, ಬಾಯಿ ಹಿಂದೆ ಉಳಿದಿತ್ತು.

“ಓದ್ರಿ,” ಎಂದರು ಗುರುಲಿಂಗಪ್ಪ.

“‘...ಸದರಿ ಗ್ರಾಮವು ಈಗಾಗಲೇ ಬೆಳಕು ಹೊಂದಿದೆಯೆಂದು ಪರಿಗಣಿಸಿ ಪಟ್ಟಿಯಿಂದ ಕೈಬಿಡಲಾಗಿದೆ.’”

ಗುರುಲಿಂಗಪ್ಪ ಮತ್ತೊಮ್ಮೆ ಓದಿಸಿದರು. ಎರಡನೆಯ ಸಲ ಯಾರೂ ತಲೆದೂಗಲಿಲ್ಲ, ಬಾಯಲ್ಲಿದ್ದ ಬೂಂದಿಯನ್ನೂ ಕೆಲವರು ಅಗಿಯುವುದು ಬಿಟ್ಟರು. ಪರಪ್ಪ ತಾನು ಸಾಕ್ಷಿ ಹಾಕಿದ್ದು ರೆಕ್ಕೆಗೆ ಮಾತ್ರ ಎಂದು ಮೆಲ್ಲಗೆ ಹೇಳಿದ. ಗೈಬುಸಾಬ ಹಿಂದೆ ಗೋಡೆಗೆ ಒರಗಿ ನಿಂತಿದ್ದ.

“ಹಂಗಾರ ಗಿರಣಿ?” ಎಂದಷ್ಟೇ ಕೇಳಿದ.

ಮರುದಿನ ಬೆಳಿಗ್ಗೆ ಬಸಂತರಾಯ ಬಾಗಿಲು ತೆರೆದರೆ ಕೆಂಪಕ್ಷರದ ಗೋಡೆಯ ಕೆಳಗೆ ಜೋಳದ ಬುಟ್ಟಿಗಳ ಸಾಲು. ಬುಟ್ಟಿಗೊಬ್ಬಳಂತೆ ಹನ್ನೆರಡು ಹೆಂಗಸರು. ಅವರು ಬೈಯಲಿಲ್ಲ, ಜಗಳಾಡಲಿಲ್ಲ. ಸರ್ಕಾರ ಹೇಳಿದ ಪ್ರಕಾರ ಊರಿನ ಕರೆಂಟು ಈ ಮನೆಯಲ್ಲಿದೆ, ಬೀಸಿಕೊಡ್ರಿ ಎಂದು ಮರ್ಯಾದೆಯಿಂದ ಕೇಳಿದರು. ಮೇಲೆ ಫ್ಯಾನಿನ ಮೇಲೆ ಕಾಗೆ ಕೂತಿತ್ತು. ಬಸಂತರಾಯ ಗಾಳಿಯ ಸ್ವಭಾವದ ಬಗ್ಗೆ ಏನೋ ಹೇಳಲು ಹೋಗಿ ತೊದಲಿದ. ಕಡೆಗೆ ಲಕ್ಕವ್ವ ಗಂಡನನ್ನು ಸರಿಸಿ, ಬುಟ್ಟಿ ಒಳಗೆ ತಂದು, ಬೀಸುಕಲ್ಲಿನ ಮುಂದೆ ಕೂತು, ನಾಚಿಕೆಗೆ ನಾಲ್ಕು ಮನೆಯ ಜೋಳ ಬೀಸಿಕೊಟ್ಟಳು. ಐದನೆಯ ಬುಟ್ಟಿಗೆ ಅವಳ ಅಂಗೈ ಸುಲಿದು ರಕ್ತ ಬಂದಾಗ ಹೆಂಗಸರೇ ಎದ್ದು ಹೋದರು.

ಬಸಂತರಾಯ ಇಂಡಿಯ ಕರೆಂಟಿನ ಆಫೀಸಿಗೆ ಓಡಿದ. ಶ್ರೀಶೈಲಪ್ಪ ಸಾಹೇಬರು ಗೌರವದಿಂದ ಕುರ್ಚಿ ಕೊಟ್ಟರು. ತಾವು ಸ್ವಂತ ಬುದ್ಧಿಯಿಂದ ಏನನ್ನೂ ಬರೆದಿಲ್ಲ, ತಾಯಿಯವರು ಹೇಳಿದ್ದನ್ನೇ ಬರೆದದ್ದು ಎಂದು ಕಾಗದ ತೋರಿಸಿದರು. ಮಗ ಈಗ ಬಂದು ಅಲ್ಲವೆಂದರೆ ನಡೆಯುವುದಿಲ್ಲ, ಮಗನಿಗೆ ಕರೆಂಟಿನ ಆಸೆ ಇರುತ್ತದೆ. ಹೇಳಿಕೆ ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ದೀಪಾವಳಿಯ ಮಗ್ಗುಲಿಗೆ ಇನ್ನೊಮ್ಮೆ ಬರುತ್ತೇನೆ, ಕಂಬ ಇನ್ನೂ ಹೋಗಿಲ್ಲ, ನಿಮ್ಮ ಅವ್ವಾರು ದೀಪ ಆರುತ್ತದೆ ಎಂದು ಒಂದು ಮಾತು ಹೇಳಲಿ, ಹಳೆಯ ಹೇಳಿಕೆಯನ್ನು ಅಲ್ಲೇ ಹೊಡೆದುಹಾಕುತ್ತೇನೆ ಎಂದರು. ಒಂದೇ ಮಾತು ತಾನೇ ಎಂದು ಬಸಂತರಾಯ ನಗುತ್ತ ಎದ್ದ. ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದಮೇಲೆ ಅದು ಯಾವ ಮಾತು ಎಂಬುದು ಅವನ ತಲೆಗೆ ಹೊಳೆಯಿತು. ಮೊದಲ ಬಸ್ಸು ಬಿಟ್ಟುಹೋಯಿತು. ಎರಡನೆಯದೂ ಹೋಯಿತು.

ಊರಿಗೆ ಊರೇ ಸಿದ್ಧತೆ ನಡೆಸಿತು. ಗೋಡೆಯ ಮೇಲಿನ ಅಕ್ಷರಕ್ಕೆ ಸೆಗಣಿ ಬಳಿದರು. ಒಣಗಿದ ಮೇಲೆ ಕೆಂಪು ಮತ್ತೆ ಮೂಡಿತು, ಮತ್ತೆ ಬಳಿದರು. ಅಕಸ್ಮಾತ್ ಗಾಳಿ ಬೀಸಿದರೆ ಗತಿಯೇನು ಎಂದು ಗೈಬುಸಾಬ ತನ್ನ ಮಾರಿದ ಎತ್ತುಗಳ ಹಗ್ಗ ತಂದು, ತಾನೇ ಮಾಳಿಗೆ ಹತ್ತಿ ರೆಕ್ಕೆಗಳನ್ನು ಬಿಗಿದು ಕಟ್ಟಿದ. ಮುದುಕಿಗೆ ಮಾತು ಕಲಿಸುವ ಕೆಲಸವೊಂದು ಉಳಿಯಿತು. ಗುರುಲಿಂಗಪ್ಪನವರು ಹೆಣ್ಣಿನ ಮಾತು ಹೆಣ್ಣೇ ಆಡಲಿ ಎಂದು ತಮ್ಮ ಮನೆಯವರನ್ನು ಕಳಿಸಿದರು. ಅವರು ಶಂಕ್ರೆವ್ವನ ಹತ್ತಿರ ಒಂದು ತಾಸು ಕೂತು, ಹಪ್ಪಳದ ಮಾತಾಡಿ, ಎಲೆಯಡಿಕೆ ಹಾಕಿಕೊಂಡು ಹೊರಳಿ ಬಂದರು.

“ನಾ ಹೆಂಗ ಕೇಳ್ಲಿ? ನನಗ ಅನ್ನು ಅಂದ್ರ ನಾ ಅಂತೇನೇನು?” ಎಂದರು ಗಂಡನಿಗೆ.

ಗುರುಲಿಂಗಪ್ಪ ಊರಿನ ಬೇರೆ ಹೆಂಗಸರನ್ನು ವಿಚಾರಿಸಿದರು. ಶಂಕ್ರೆವ್ವ ಹೇಳಬೇಕು ಎಂದು ಎಲ್ಲರೂ ಒಪ್ಪಿದರು. ನೀನಾಗಿದ್ದರೆ ಹೇಳುತ್ತಿದ್ದೆಯಾ ಎಂದರೆ ಎಲ್ಲರೂ ನೆಲ ನೋಡಿದರು.

ಕಾರ್ತಿಕದಲ್ಲಿ, ಮನೆಮನೆಯ ಹೊಸ್ತಿಲಲ್ಲಿ ಹಣತೆ ಇಡುವ ದಿನಗಳಲ್ಲೇ, ಸಾಹೇಬರು ಬಂದರು. ಊರೆಲ್ಲ ಬಸಂತರಾಯನ ಅಂಗಳದಲ್ಲಿ ನಿಂತಿತು. ಬಲ್ಬು ಕಪ್ಪಾಗಿ ತೂಗಾಡುತ್ತಿತ್ತು. ಸಾಹೇಬರು ಅದನ್ನು ನೋಡಿ, ಕಾಗದ ಬಿಚ್ಚಿ, ದಯದಿಂದಲೇ ಕೇಳಿದರು:

“ಆಯಿ, ಈಗ ದೀಪ ಆರೇತಲ್ಲ?”

“ಇಲ್ರಿ. ಶಾಂತ ಆಗೇತಿ.”

“ಅಂದ್ರ ಉರಿಯಾಕತ್ತಿಲ್ಲ.”

“ಉರೀತೈತ್ರಿ. ಈಗ ಶಾಂತ ಐತಿ.”

ಬಸಂತರಾಯ ಮುಂದೆ ಬಂದು, ಆರುತ್ತದೆ ಸಾಹೇಬರೇ, ನಾನು ಹೇಳುತ್ತೇನೆ ಎಂದು ಬಾಯಿ ತೆರೆದದ್ದೇ ತಡ, ತಾಯಿ ಅವನ ಬಾಯಿಗೆ ಅಂಗೈ ಒತ್ತಿದಳು. ನಲವತ್ತರ ಗಂಡಸು, ಟಪಾಲ ಮಾಸ್ತರ, ಊರ ಮುಂದೆ ಬಾಯಿ ಮುಚ್ಚಿಸಿಕೊಂಡು ನಿಂತ. ಕೈ ಸರಿಸಿ ಅವನು ಅಳುವ ದನಿಯಲ್ಲಿ ಬೇಡಿಕೊಂಡ.

“ಯವ್ವಾ, ಒಂದ ಮಾತು. ಊರಿಗೆ ಊರ ನಿಂತೈತಿ ನೋಡು.”

“ಮೂರು ಕೊಟ್ಟೇನೊ ಆ ಮಾತಿಗೆ,” ಎಂದಳು ಶಂಕ್ರೆವ್ವ. “ನಿನ್ನ ಎದುರಿಗೆ ನಿಂದರಿಸಿಕೊಂಡು ಇನ್ನೊಮ್ಮೆ ಅನ್ನು ಅಂತಿಯಲ್ಲ.”

ಸಾಹೇಬರು ಲೇಖನಿ ಬಿಚ್ಚಿದರು. ಅವರ ಮನೆಯಲ್ಲೂ ತಾಯಿ ಇದ್ದಳು, ಅವರ ಮೇಲೂ ಸಾಹೇಬರಿದ್ದರು. ಕಡೆಗೆ ‘ತಾತ್ಕಾಲಿಕವಾಗಿ ದುರಸ್ತಿಯಲ್ಲಿದೆ’ ಎಂದು ಬರೆದು, ಪಟ್ಟಿಯನ್ನು ಇದ್ದಂತೆಯೇ ಬಿಟ್ಟು ಎದ್ದರು. ಬನ್ನಿಕಟ್ಟಿಯ ಜನ ಮುದುಕಿಯನ್ನು ಬೈಯಲೂ ಆಗದೆ, ಬಿಡಲೂ ಆಗದೆ, ಬೈಗುಳವನ್ನೆಲ್ಲ ಬಸಂತರಾಯನಿಗೆ ತಿರುಗಿಸಿ ಮನೆಗೆ ಹೋದರು. ಗೈಬುಸಾಬ ಬೈಯಲಿಲ್ಲ. ಗಿರಣಿಯ ಮೇಲೆ ಇನ್ನೊಂದು ಗೋಣಿತಟ್ಟು ಹೊದಿಸಿದ. ಅಂದಿನಿಂದ ಪಕ್ಕದ ಮನೆಯವರ ಜೊತೆ ಅವನು ಒಂದು ಮಾತೂ ಆಡಲಿಲ್ಲ.

ಸುಲ್ತಾನಬಿ ಮದುವೆಯಾದ ಎಂಟು ವರ್ಷಗಳ ಮೇಲೆ ಬಸುರಾಗಿದ್ದಳು. ಪುಷ್ಯದ ಹೊತ್ತಿಗೆ ಏಳು ತಿಂಗಳು. ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂರಲು ಆಗುತ್ತಿರಲಿಲ್ಲ. ಗೈಬುಸಾಬ ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗಿದ್ದ ದಿನ, ಮನೆಯಲ್ಲಿ ಹಿಟ್ಟು ತೀರಿತ್ತು. ಪಡಸಾಲೆಯಲ್ಲಿ ಹೊಚ್ಚಹೊಸ ಗಿರಣಿ ಇಟ್ಟುಕೊಂಡು ಹಿಟ್ಟು ಕಡ ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಜೋಳದ ಬುಟ್ಟಿ ಹೊತ್ತು ಸಾಲೋಟಗಿಯ ದಾರಿ ಹಿಡಿದಳು. ಹಳ್ಳದ ಇಳಿಜಾರಿನಲ್ಲಿ ಕಾಲು ಜಾರಿತು. ಹೊಲದವರು ಎತ್ತಿ ತಂದರು.

ಕರೆದದ್ದು ಶಂಕ್ರೆವ್ವನನ್ನೇ. ಓಣಿಯ ಬಾಣಂತನವೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದುದು. ಮಧ್ಯಾಹ್ನದಿಂದ ಸಂಜೆಯವರೆಗೆ ಒಳಗಿದ್ದಳು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಗಂಡು ಕೂಸಾಗಿತ್ತು. ಹೊರಗೆ ಬಂದವಳು ಗಿರಣಿಯ ಪಕ್ಕದಲ್ಲಿ ಕೂತಿದ್ದ ಗೈಬುಸಾಬನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಮನೆಗೆ ಬಂದು ಕೈ ತೊಳೆದುಕೊಂಡು ಬಲ್ಬಿನ ಕೆಳಗೆ ಕೂತಳು. ಲಕ್ಕವ್ವ ಚಿಮಣಿ ಹಚ್ಚಿದಾಗ ಎಂದಿನಂತೆ ಕೈ ಮುಗಿದಳು, ಊಟಕ್ಕೆ ಮಾತ್ರ ಏಳಲಿಲ್ಲ.

ಬೆಳಿಗ್ಗೆ ಊರಿಗೆ ಹೋಗುವ ಸೀರೆ ಉಟ್ಟು, ಇಂಡಿಯ ಬಸ್ಸು ಎಷ್ಟೊತ್ತಿಗೆ ಎಂದು ಮಗನನ್ನು ಕೇಳಿದಳು.

ಆಫೀಸಿನಲ್ಲಿ ಸಾಹೇಬರು ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಮಗನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವನ ಮುಖದ ಕಡೆ ನೋಡದೆ, ಮೇಜಿನ ಮೇಲಿನ ಕಾಗದಗಳಿಗೆ ಹೇಳಿದಳು:

“ನಮ್ಮನಿ ದೀಪ ಆರೇತ್ರಿ. ಬರಕೋರಿ.”

ಅಕ್ಕಪಕ್ಕದ ಮೇಜಿನ ಕಾರಕೂನರೂ ಬರೆಯುವುದನ್ನು ನಿಲ್ಲಿಸಿದರು. ಶ್ರೀಶೈಲಪ್ಪ ಸಾಹೇಬರು ಬಸಂತರಾಯನಿಗೆ ಮೆಲ್ಲಗೆ ಹೇಳಿದರು. ಆರೂ ಊರಿಗೆ ಕಂಬ ಹೋಗಿ ತಿಂಗಳಾಯಿತು, ಪಟ್ಟಿ ಮೇಲಕ್ಕೆ ಹೋಗಿ ಮುಚ್ಚಿತು, ಇನ್ನು ಮುಂದಿನ ಪಟ್ಟಿ ಐದು ವರ್ಷಕ್ಕೆ. ಆ ದಿನ ಅಂಗಳದಲ್ಲಿ ಹೇಳಿದ್ದರೆ ಆಗುತ್ತಿತ್ತು. ಈಗ ಈ ಮಾತಿನಿಂದ ಏನೂ ಆಗುವುದಿಲ್ಲ.

ಶಂಕ್ರೆವ್ವನಿಗೆ ಅದು ಕೇಳಿಸಿತೋ ಇಲ್ಲವೋ.

“ಬರಕೊಂಡ್ರಿ ಇಲ್ಲೋ?” ಎಂದಳು.

ಬೇಡವೆನ್ನಲು ಬಾಯಿ ಬರದೆ ಸಾಹೇಬರು ಒಂದು ಖಾಲಿ ಹಾಳೆಯಲ್ಲಿ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಹಾಳೆ ಸೇರುವ ಫೈಲು ಯಾವುದೂ ಇರಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಅವಳು ಮಗನ ಮಣಿಕಟ್ಟು ಬಿಡಲಿಲ್ಲ. ಕಂಡಕ್ಟರ್ ಟಿಕೀಟಿಗೆ ಕೈ ಚಾಚಿದಾಗ ಬಸಂತರಾಯ ಎಡಗೈಯಿಂದ ಕಿಸೆ ತಡಕಾಡಿ ರೊಕ್ಕ ತೆಗೆದ.

ಅಲ್ಲಿಂದ ಮುಂದೆ ಬಸಂತರಾಯನ ಬಾಳು ಕಾವಲಿನಲ್ಲಿರುವ ಕೈದಿಯದಾಯಿತು. ಬಾವಿಯ ಹತ್ತಿರ ಹೋಗುವಂತಿಲ್ಲ, ಸೈಕಲ್ ಹತ್ತುವಂತಿಲ್ಲ, ಆ ಮನೆಯಲ್ಲಿ ಯಾರೂ ಮೀನು ತಿನ್ನದಿದ್ದರೂ ಅದರ ಮುಳ್ಳಿನ ಬಗ್ಗೆಯೂ ಒಂದು ಮಾತು ಹೇಳಿಸಿಕೊಂಡ. ಸೀನಿದರೆ ಕಷಾಯ. ಲಚ್ಯಾಣದಿಂದ ಬರುವುದು ಅರ್ಧ ತಾಸು ತಡವಾದರೆ ತಾಯಿ ಊರ ಹೊರಗಿನ ಹುಣಸೆಮರದ ತನಕ ಬಂದು ನಿಂತಿರುತ್ತಿದ್ದಳು. ಆ ಹಾಳು ಫ್ಯಾನನ್ನು ಇಳಿಸಿ ಒಲೆಗೆ ಹಾಕುತ್ತೇನೆ ಎಂದರೆ ಮಾಳಿಗೆ ಹತ್ತಲು ಅವಳು ಬಿಡಲಿಲ್ಲ. ಪರಪ್ಪನನ್ನು ಕಳಿಸುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ. ಇರುವುದನ್ನೂ ಕಿತ್ತರೆ ತನ್ನ ಮಾತು ಪೂರಾ ಆಗಿಬಿಡುತ್ತದೆ ಎಂದು ಅವಳ ಹೆದರಿಕೆ. ಹೀಗೆ ಫ್ಯಾನು ಎತ್ತಿನ ಹಗ್ಗ ಕಟ್ಟಿಸಿಕೊಂಡು ಅಲ್ಲೇ ಉಳಿಯಿತು.

ಮುಂದಿನ ಆಷಾಢಕ್ಕೆ ಹಗ್ಗ ಬಿಸಿಲುಮಳೆಗೆ ಲಡ್ಡಾಗಿ ಹರಿಯಿತು. ಸಂಜೆ ಮಾಳಿಗೆಯ ಮೇಲೆ ಆ ನರಳಿಕೆ ಮತ್ತೆ ಶುರುವಾಯಿತು, ಲಕ್ಕವ್ವನ ಹಿಟ್ಟಿನಲ್ಲಿ ಮಣ್ಣು ಬಿತ್ತು, ಬಲ್ಬು ಕೆಂಪಾಗಿ, ಹಳದಿಯಾಗಿ, ಬೆಳ್ಳಗಾಯಿತು. ಊರಿನವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು, ತಮ್ಮ ಕಂಬ ತಿಂದ ಬೆಳಕನ್ನು ನೋಡಿದರು. ಶಂಕ್ರೆವ್ವ ಈ ಸಲ ಕೈ ಮುಗಿಯಲಿಲ್ಲ. ಬಲ್ಬನ್ನೇ ನೋಡುತ್ತ ಕೂತಿದ್ದಳು. ಗಾಳಿ ಬಿತ್ತು, ಬಲ್ಬು ಹೋಯಿತು.

“ಬಸಂತಾ,” ಎಂದು ಕರೆದಳು.

“ಇಲ್ಲೇ ಅದೀನ್ಬೇ,” ಎಂದ ಅವನು ಪಡಸಾಲೆಯಿಂದ.

ಬಲ್ಬು ಹತ್ತಿತು, ಮತ್ತೆ ಹೋಯಿತು. ಮತ್ತೆ ಕರೆದಳು, ಮತ್ತೆ ಅವನು ಅದೀನಿ ಎಂದ. ಆ ಸಂಜೆ ಲಕ್ಕವ್ವ ಎಣಿಸಿದ್ದು ಮೂವತ್ತೆಂಟು ಸಲ. ಆಷಾಢ ಮುಗಿಯುವವರೆಗೂ ಹೀಗೇ ನಡೆಯಿತು. ಓಣಿಗೆ ರೂಢಿಯಾಯಿತು. ಮೊದಮೊದಲು ಕೆಲವರು ಕೂಗಿ ಅಣಕಿಸಿದರು, ನಾಲ್ಕು ದಿನಕ್ಕೆ ಅಣಕಿಸುವುದನ್ನು ಬಿಟ್ಟರು.

ಒಂದು ಸಂಜೆ ಬಸಂತರಾಯ ಹಿತ್ತಿಲಿನಲ್ಲಿ ಮುಖ ತೊಳೆಯುತ್ತಿದ್ದ. ಗಾಳಿ ಒಮ್ಮೆಲೆ ಬಿದ್ದು, ಬಲ್ಬು ಹೋಗಿ, ಬಹಳ ಹೊತ್ತು ಬರಲೇ ಇಲ್ಲ. ಮುದುಕಿ ಕರೆದಳು. ಉತ್ತರವಿಲ್ಲ. ಎರಡನೆಯ ಸಲ ಕರೆದಳು. ಮೂರನೆಯ ಸಲ ಕರೆಯುವಾಗ ದನಿ ಒಡೆದು ಅರ್ಧಕ್ಕೆ ನಿಂತಿತು. ಓಣಿಯ ಬೀಸುಕಲ್ಲೊಂದು ತಿರುಗುವುದನ್ನು ನಿಲ್ಲಿಸಿತು.

ಪಕ್ಕದ ಮನೆಯ ಕಟ್ಟೆಯ ಮೇಲೆ ಗೈಬುಸಾಬ ಕೂತಿದ್ದ. ಅಲ್ಲಿಂದ ಹಿತ್ತಿಲು ಕಾಣುವುದಿಲ್ಲ.

“ಅದಾನ ಅವ್ವಾ,” ಎಂದು ಅವನು ಗೋಡೆಯಾಚೆಯಿಂದ ಕೂಗಿ ಹೇಳಿದ. “ಇಲ್ಲೇ ನನ್ನ ಕಣ್ಣ ಮುಂದ ಅದಾನ.”

ಹೇಳಿದವನು ಎದ್ದು, ಲಗುಬಗೆಯಿಂದ ಮನೆ ಸುತ್ತುಹಾಕಿ ಹಿತ್ತಿಲಿಗೆ ಬಂದು ನೋಡಿದ. ಬಸಂತರಾಯ ಮುಖ, ಬಾಯಿ, ಕಿವಿಯ ತುಂಬ ಸಾಬೂನು ಹಚ್ಚಿಕೊಂಡು, ಕಣ್ಣು ಮುಚ್ಚಿ ತಂಬಿಗೆ ಹುಡುಕುತ್ತಿದ್ದ. ಗೈಬುಸಾಬ ತಂಬಿಗೆಯನ್ನು ಕಾಲಿಂದ ಅವನ ಹತ್ತಿರ ಸರಿಸಿದ. ಎಂಟು ತಿಂಗಳ ಮೇಲೆ ಬಸಂತರಾಯನಿಗೆ ಆಡಿದ ಮೊದಲ ಮಾತು ಒರಟಾಗಿಯೇ ಬಂತು.

“ಜಲ್ದಿ ಹೋಗಿ ಒದರೊ. ನಿಮ್ಮವ್ವ ಕಾಯಾಕತ್ತಾಳ.”